ಅಪ್ಪನ ಲೋಟ, ತೆರೇಸಾಳ ಪುಟ್ಟ ಟೋಪಿ

ಮೊನ್ನೆ ರಾತ್ರಿ ಮಲಗೋಕೆ ಮುಂಚೆ ಫೋನ್ ತೆಗೆದೆ. ಕಾಲೇಜಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯ ಹೊಸ ಮನೆಯ ಫೋಟೋ ಹಾಕಿದ್ದ. ಲೈಕ್ ಒತ್ತಿದೆ. ಆದ್ರೆ ಎರಡು ಗಂಟೆ ತನಕ ನಿದ್ದೆ ಬರಲಿಲ್ಲ. ಹೊಟ್ಟೆಕಿಚ್ಚು ಅನ್ನೋ ಪದ ಮಾಡಿದವರಿಗೆ ಕೈಮುಗಿಯಬೇಕು, ಅದು ನಿಜವಾಗ್ಲೂ ಹೊಟ್ಟೆಯಲ್ಲೇ ಉರಿಯುತ್ತೆ.

ಆಗ ನೆನಪಾದವಳು ಲಿಸಿಯೂನ ತೆರೇಸಾ. ಕೋಲ್ಕತ್ತಾದ ಮದರ್ ತೆರೇಸಾ ಅಲ್ಲ, ಅವರು ಯಾರ ಹೆಸರನ್ನ ಇಟ್ಟುಕೊಂಡರೋ ಆಕೆ. ನಮ್ಮಲ್ಲಿ 'ಲಿಟಲ್ ಫ್ಲವರ್' ಅಂತ ಶಾಲೆಗಳಿವೆಯಲ್ಲ, ಆ ಹೂವೂ ಈಕೆಯೇ.

1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದಳು. ನಾಲ್ಕು ವರ್ಷಕ್ಕೇ ತಾಯಿ ತೀರಿಹೋದರು. ಅಕ್ಕ ಪೋಲಿನ್‌ಳೇ ಆಮೇಲೆ ಅಮ್ಮನಂತೆ ನೋಡಿಕೊಂಡಳು. ಮಗುವಿಗೆ ಒಂದು ಸಂಶಯ: ಸ್ವರ್ಗದಲ್ಲಿ ದೇವರು ಎಲ್ಲರಿಗೂ ಒಂದೇ ಸಮ ಮಹಿಮೆ ಕೊಡೋದಿಲ್ಲ ಅಂದ್ರೆ, ಕಡಿಮೆ ಸಿಕ್ಕವರಿಗೆ ಬೇಜಾರಾಗಲ್ವಾ? ಅಕ್ಕ ಉಪದೇಶ ಮಾಡಲಿಲ್ಲ. ಅಪ್ಪನ ದೊಡ್ಡ ಲೋಟ ತರಿಸಿದಳು. ಪಕ್ಕದಲ್ಲಿ, ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕಿಕೊಳ್ಳುವ ತೆರೇಸಾಳ ಪುಟ್ಟ ಟೋಪಿ ಇಟ್ಟಳು. ಎರಡಕ್ಕೂ ಅಂಚಿನವರೆಗೆ ನೀರು ತುಂಬಿ, ಯಾವುದು ಹೆಚ್ಚು ತುಂಬಿದೆ ಹೇಳು ಅಂದಳು.

1888ರಲ್ಲಿ, 15ರ ವಯಸ್ಸಿಗೆ ತೆರೇಸಾ ಕಾರ್ಮೆಲ್ ಮಠ ಸೇರಿದಳು. (ಇದೇ ಪಂಥದ ಸನ್ಯಾಸಿನಿಯರು 1870ರಲ್ಲೇ ಫ್ರಾನ್ಸಿನಿಂದ ನಮ್ಮ ಮಂಗಳೂರಿಗೂ ಬಂದಿದ್ದರು.) ಆಕೆಗೆ ಆಸೆಗಳೇ ಇರಲಿಲ್ಲ ಅಂದ್ಕೋಬೇಡಿ. ಯೋಧ, ಪಾದ್ರಿ, ಧರ್ಮಪ್ರಚಾರಕಿ, ಹುತಾತ್ಮೆ, ಎಲ್ಲವೂ ಆಗಬೇಕು ಅಂತ 1896ರಲ್ಲಿ ಇನ್ನೊಬ್ಬ ಅಕ್ಕ ಮರೀಗೆ ಬರೆದಳು. ಅಷ್ಟರಲ್ಲಾಗಲೇ ಕ್ಷಯ ಹಿಡಿದಿತ್ತು, ಕೆಮ್ಮಿದರೆ ರಕ್ತ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯ ಓದಿದಳು: ದೇಹಕ್ಕೆ ಅಂಗಗಳು ಹಲವು, ಕಣ್ಣು ಕೈಯಾಗಲಾರದು. ಸಮಾಧಾನವಾಗಲಿಲ್ಲ! ನನಗೆ ಆಕೆ ಇಷ್ಟವಾಗೋದು ಇಲ್ಲೇ. ಪುಟ ತಿರುಗಿಸಿ 13ನೇ ಅಧ್ಯಾಯ ಓದಿದಳು, ಪ್ರೀತಿಯ ಬಗ್ಗೆ ಇರೋದು. ಸಭೆ ಒಂದು ದೇಹವಾದರೆ ಅದಕ್ಕೊಂದು ಹೃದಯವೂ ಇರಲೇಬೇಕು, ಅಲ್ಲಿ ನಾನು ಪ್ರೀತಿಯಾಗಿರ್ತೀನಿ ಅಂತ ತೀರ್ಮಾನಿಸಿದಳು.

ಮಠದವರು ಇಬ್ಬರು ಯುವಕರಿಗಾಗಿ ಪ್ರಾರ್ಥಿಸುವ ಕೆಲಸವನ್ನ ಆಕೆಗೆ ಒಪ್ಪಿಸಿದ್ದರು. ಒಬ್ಬ ಧರ್ಮಪ್ರಚಾರಕ್ಕೆ ಚೀನಾಕ್ಕೆ ಹೋದ, ಇನ್ನೊಬ್ಬ ಆಫ್ರಿಕಾಕ್ಕೆ. ತಾನು ಬಯಸಿದ ಬದುಕು ಅವರಿಗೆ ಸಿಕ್ಕಿತ್ತು. ಆದರೂ ಅವರಿಗೆ ಧೈರ್ಯ ತುಂಬಿ ಕಾಗದ ಬರೀತಿದ್ದಳು. ಸ್ವರ್ಗ ಇದೆಯೋ ಇಲ್ಲವೋ ಅನ್ನೋ ಕತ್ತಲು ತನ್ನನ್ನೇ ಕಾಡ್ತಿದ್ದ ದಿನಗಳವು. ನನಗೋ, ಗೆಳೆಯನಿಗೆ 'ಖುಷಿಯಾಯ್ತು ಕಣೋ' ಅಂತ ಟೈಪ್ ಮಾಡೋಕೂ ಬೆರಳು ಬಂದಿರಲಿಲ್ಲ.

1897ರ ಸೆಪ್ಟೆಂಬರ್ 30ರಂದು ತೀರಿಕೊಂಡಳು. ವಯಸ್ಸು 24. ಈಕೆ ಸತ್ತ ಮೇಲೆ ಬರೆಯೋಕೆ ಏನಿದೆ ಅಂತ ಮಠದ ಸೋದರಿಯೊಬ್ಬಳು ಮೊದಲೇ ಅಂದಿದ್ದಳಂತೆ. ಮರುವರ್ಷ ಆಕೆಯ ಬರಹ ಪುಸ್ತಕವಾಯ್ತು. 1925ರಲ್ಲಿ ಸಂತ ಪದವಿ. 1927ರಲ್ಲಿ, ಮಠದ ಗೋಡೆ ದಾಟಿ ಎಲ್ಲಿಗೂ ಹೋಗದಿದ್ದವಳು ಧರ್ಮಪ್ರಚಾರಕರ ಪಾಲಕ ಸಂತಳಾದಳು!

ನಿನ್ನೆ ಗೆಳೆಯನಿಗೆ ಫೋನ್ ಮಾಡಿದೆ. ಭಾನುವಾರ ಬಲಿಪೂಜೆ ಮುಗಿಸ್ಕೊಂಡು ಊಟಕ್ಕೆ ಬಾರೋ ಅಂದ. ಹೋಗ್ತಿದ್ದೀನಿ.