ಋಜುಮುಖ ಮತ್ತು ಸಾಚೀಮುಖ: ಜೈನ ಚಿತ್ರಪರಂಪರೆಯಲ್ಲಿ ಶಿರೋಲೇಖನದ ಅಭ್ಯಾಸ

ಜೈನ ಶಿಲ್ಪ ಹಾಗೂ ಚಿತ್ರಗಳಲ್ಲಿ ಜಿನಬಿಂಬದ ಮುಖವು ಸದಾ ನೋಡುವವನಿಗೆ ನೇರವಾಗಿ ಇರುವುದನ್ನು ಕಂಡು, ಮಾನವಶಿರಸ್ಸನ್ನು ಬೇರೆ ಬೇರೆ ಪಾರ್ಶ್ವಗಳಿಂದ ಬರೆಯುವ ವಿದ್ಯೆ ಈ ಪರಂಪರೆಗೆ ಕರಗತವಾಗಿರಲಿಲ್ಲವೆಂಬ ಅಭಿಪ್ರಾಯವು ಆಗಾಗ ಕೇಳಿಬರುತ್ತದೆ. ಶಾಸ್ತ್ರಗ್ರಂಥಗಳನ್ನೂ ಸಚಿತ್ರ ತಾಳೆಗರಿಗಳನ್ನೂ ಜೊತೆಯಲ್ಲಿಟ್ಟು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲಲಾರದು.

ಚಿತ್ರವಿದ್ಯೆಗೆ ಜೈನಪುರಾಣದಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭದೇವನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಉಪದೇಶಿಸಿದಂತೆಯೇ, ಪುತ್ರನಾದ ಅನಂತವಿಜಯನಿಗೆ ಚಿತ್ರಕಲೆಯನ್ನು ಉಪದೇಶಿಸಿದನು. ಅದೇ ಕಥಾನಕದಲ್ಲಿ ಶ್ರೀಮತಿಯು ಪೂರ್ವಜನ್ಮದ ವೃತ್ತಾಂತವನ್ನು ಪಟದಲ್ಲಿ ಬರೆಯುತ್ತಾಳೆ; ಪಂಡಿತೆಯೆಂಬ ದಾದಿ ಅದನ್ನು ಜಿನಾಲಯದಲ್ಲಿ ಹರಡುತ್ತಾಳೆ; ವಜ್ರಜಂಘನು ಆ ಪಟದಿಂದಲೇ ತನ್ನ ಹಿಂದಿನ ಭವವನ್ನು ಗುರುತಿಸುತ್ತಾನೆ. ಕ್ರಿ.ಶ. 941ರಲ್ಲಿ ಪಂಪನು ಈ ಪ್ರಸಂಗವನ್ನು ಕನ್ನಡಕ್ಕೆ ತಂದನು. ಬರೆದ ರೂಪದಿಂದ ಆತ್ಮದ ಭವಾಂತರವನ್ನೇ ಅರಿಯಬಹುದೆಂದು ನಂಬಿದ ಸಮಾಜವು ರೂಪರಚನೆಯಲ್ಲಿ ಅನಾದರ ತೋರಿರುವುದು ಸಂಭವನೀಯವಲ್ಲ.

ಈ ವಿದ್ಯೆಯ ಶಾಸ್ತ್ರವೂ ಪ್ರಯೋಗವೂ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ದೊರೆಯುವುದು ಗಮನಾರ್ಹವಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಪ್ರಾಚೀನ ಸೊಸೆವೂರು. ಇಂದು ಕಾಫಿ ತೋಟಗಳ ನಡುವೆ ಇರುವ ಈ ಊರು ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾಗಿದೆ. ಅಲ್ಲಿನ ಬಸದಿಗಳೂ ನಿಸಿಧಿ ಶಾಸನಗಳೂ ಆ ವಂಶದ ಉದಯಕಾಲದ ಜೈನಸಂಪರ್ಕಕ್ಕೆ ಸಾಕ್ಷಿಯಾಗಿವೆ. ಈ ಮಲೆಯಿಂದ ಇಳಿದ ಹೊಯ್ಸಳರು ವಿಷ್ಣುವರ್ಧನನ ಕಾಲಕ್ಕೆ ಪ್ರಬಲರಾದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾ ಮೊದಲಾದ ಸಿದ್ಧಾಂತಗ್ರಂಥಗಳ ಸಚಿತ್ರ ತಾಳೆಗರಿಗಳನ್ನು ವಿದ್ವಾಂಸರು ಆ ಕಾಲಕ್ಕೇ, ಎಂದರೆ ಹನ್ನೆರಡನೆಯ ಶತಮಾನದ ಆರಂಭಕ್ಕೆ, ಸೇರಿಸುತ್ತಾರೆ. ವಿಷ್ಣುವರ್ಧನನಿಗೆ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (ಕ್ರಿ.ಶ. 1126–1138) ರಚಿಸಿದ ಮಾನಸೋಲ್ಲಾಸವು ಇದಾದ ಕೆಲವೇ ವರ್ಷಗಳ ನಂತರದ ಗ್ರಂಥ.

ಮಾನಸೋಲ್ಲಾಸದ ಚಿತ್ರಪ್ರಕರಣವು ಅಭ್ಯಾಸಿಗೆ ಉಪಯುಕ್ತವಾದ ಕ್ರಮವನ್ನು ವಿಧಿಸುತ್ತದೆ. ಕಾಡಿಗೆಯನ್ನು ಅನ್ನದೊಡನೆ ಅರೆದು ಹೊಸೆದ ವರ್ತಿಕೆಯಿಂದ ಮೊದಲ ರೇಖೆಗಳನ್ನು ಎಳೆಯಬೇಕು. ಮುಖದ ದೈರ್ಘ್ಯ ಹನ್ನೆರಡು ಅಂಗುಲ. ಲಲಾಟ, ನಾಸಿಕ, ನಾಸಿಕದ ಕೆಳಗಿನಿಂದ ಗಲ್ಲದವರೆಗಿನ ಭಾಗ ಇವು ತಲಾ ನಾಲ್ಕು ಅಂಗುಲವೆಂಬುದು ಪರಂಪರಾಗತ ಮಾನ. ಕೇಶಾಂತದಿಂದ ಹುಬ್ಬುಗಳ ನಡುವೆ, ಮೂಗಿನ ತುದಿ, ಗಲ್ಲ, ನಾಭಿಗಳ ಮೂಲಕ ಇಳಿಯುವ ಮಧ್ಯರೇಖೆಯೇ ಬ್ರಹ್ಮಸೂತ್ರ. ಅದರ ಇಕ್ಕೆಲಗಳಲ್ಲಿ ಇಳಿಯುವವು ಪಕ್ಷಸೂತ್ರಗಳು. ಮುಖವು ನೇರವಾಗಿರುವ ಋಜುಸ್ಥಾನದಲ್ಲಿ ಬ್ರಹ್ಮಸೂತ್ರದಿಂದ ಎರಡೂ ಪಕ್ಷಸೂತ್ರಗಳಿಗೆ ಆರಾರು ಅಂಗುಲ. ಅರ್ಧರ್ಜುವಿನಲ್ಲಿ ಒಂದು ಕಡೆ ಎಂಟು, ಇನ್ನೊಂದು ಕಡೆ ನಾಲ್ಕು. ಸಾಚಿಯಲ್ಲಿ ಹತ್ತು ಮತ್ತು ಎರಡು. ಒಂದೂವರೆ ಕಣ್ಣು ಮಾತ್ರ ಕಾಣುವ ದ್ವ್ಯರ್ಧಾಕ್ಷಿಯಲ್ಲಿ ಹನ್ನೊಂದು ಮತ್ತು ಒಂದು. ಐದನೆಯದಾದ ಭಿತ್ತಿಕದಲ್ಲಿ ದೂರದ ಪಾರ್ಶ್ವವು ಸಂಪೂರ್ಣವಾಗಿ ಮರೆಯಾಗುತ್ತದೆ.

ಇಲ್ಲಿನ ಗಣಿತವು ಸರಳವಾದುದಾದರೂ ಗಹನವಾಗಿದೆ. ಮೊದಲ ನಾಲ್ಕು ಸ್ಥಾನಗಳಲ್ಲಿಯೂ ಮೊತ್ತ ಹನ್ನೆರಡೇ; ಒಂದು ಪಾರ್ಶ್ವದಲ್ಲಿ ಕ್ಷಯವಾದಷ್ಟೇ ಇನ್ನೊಂದರಲ್ಲಿ ವೃದ್ಧಿಯಾಗುತ್ತದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಒಂಬತ್ತು ಸ್ಥಾನಗಳನ್ನು ಹೇಳಿ ಇದೇ ಕ್ಷಯವೃದ್ಧಿ ತತ್ತ್ವವನ್ನು ನಿರೂಪಿಸುತ್ತದೆ. ಶಿಷ್ಯನು ಪ್ರತಿಯೊಂದು ಮುಖವನ್ನೂ ಕಣ್ಣಂದಾಜಿನಿಂದ ಕಲಿಯಬೇಕಾಗಿರಲಿಲ್ಲ. ಬ್ರಹ್ಮಸೂತ್ರವನ್ನು ಪಕ್ಕಕ್ಕೆ ಸರಿಸಿದರೆ ಕಣ್ಣು, ಕಪೋಲ, ಕಿವಿಗಳ ಅಳತೆಗಳು ಅದನ್ನು ಅನುಸರಿಸುತ್ತಿದ್ದವು.

ಮೂಡುಬಿದಿರೆಯ ಗರಿಗಳಲ್ಲಿ ಈ ಶಿಕ್ಷಣದ ಫಲವನ್ನು ಕಾಣಬಹುದು. ಕೆಲವೇ ಅಂಗುಲ ಅಗಲದ ಗರಿಯಲ್ಲಿ ಜಿನರು, ಶ್ರುತದೇವಿ, ಯಕ್ಷಯಕ್ಷಿಯರು, ಆರಾಧಕರು ಚಿತ್ರಿತರಾಗಿದ್ದಾರೆ. ಜಿನಬಿಂಬವು ಋಜುವಾಗಿದ್ದರೆ, ಸೇವಿಸಲು ಬಂದವರು ಅದರತ್ತ ಮುಖ ತಿರುಗಿಸಿದ್ದಾರೆ. ಪಶ್ಚಿಮ ಭಾರತದ ಕಲ್ಪಸೂತ್ರ ಪ್ರತಿಗಳಲ್ಲಿಯೂ ಇಂಥದೇ ಭೇದವಿದೆ. ಅಲ್ಲಿ ತಿರುಗಿದ ಮುಖಗಳ ದೂರದ ಕಣ್ಣು ಕಪೋಲರೇಖೆಯನ್ನು ದಾಟಿ ಹೊರಚಾಚಿರುತ್ತದೆ. ಅರ್ಧವಾಗಬೇಕಾದ ಕಣ್ಣನ್ನು ಪೂರ್ಣವಾಗಿ ಉಳಿಸಿಕೊಂಡ ರೂಢಿಯಿದು. ರಾಜರು, ಮುನಿಗಳು, ಕೇಶಲೋಚ ಮಾಡುತ್ತಿರುವ ಮಹಾವೀರನೂ ಹೀಗೆ ತಿರುಗಿದ ಮುಖದವರು. ಸಿಂಹಾಸನಾರೂಢನಾದ ಜಿನನು ಮಾತ್ರ ಬಹುಮಟ್ಟಿಗೆ ಋಜುಮುಖನು. ಆದುದರಿಂದ ಒಂದೇ ಕೈ ಎರಡನ್ನೂ ಬಲ್ಲದು. ಎಲ್ಲಿ ಯಾವುದು ಸಲ್ಲಬೇಕೆಂಬುದನ್ನೂ ಬಲ್ಲದು.

ಇದರ ಕಾರಣವನ್ನು ಆಗಮದಲ್ಲಿಯೇ ಅರಸಬೇಕು. ಕೇವಲಜ್ಞಾನದ ಹತ್ತು ಅತಿಶಯಗಳಲ್ಲಿ ಚತುರ್ಮುಖತ್ವ, ಛಾಯಾರಾಹಿತ್ಯ, ಅಕ್ಷಿಸ್ಪಂದನಾಭಾವ ಇವು ಮೂರೂ ಸೇರಿವೆ. ಸಮವಸರಣದ ಯಾವ ಕೋಷ್ಠದಲ್ಲಿ ಕುಳಿತ ಭವ್ಯನಿಗೂ ಭಗವಂತನು ತನ್ನ ಅಭಿಮುಖನಾಗಿಯೇ ಕಾಣುತ್ತಾನೆ. ಪಾರ್ಶ್ವವೆಂಬುದೇ ಇಲ್ಲದವನಿಗೆ ಸಾಚೀಮುಖವನ್ನು ಬರೆಯುವುದು ಹೇಗೆ? ಮುಖ ತಿರುಗಿಸುವುದು ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವವನ ಲಕ್ಷಣ; ಎಲ್ಲವನ್ನೂ ಯುಗಪತ್ತಾಗಿ ಅರಿಯುವವನಿಗೆ ಅದು ಸಲ್ಲದು. ಎರಡು ಪಕ್ಷಗಳಿಗೂ ಸಮಾನವಾಗಿ ದೊರೆತ ಆರಾರು ಅಂಗುಲವನ್ನು ಚಿತ್ರಕಾರನ ಸೂತ್ರದಲ್ಲಿ ಮೂಡಿದ ಸಮಭಾವವೆಂದೇ ಹೇಳಬಹುದು.

ಬಾಹುಬಲಿಯ ವಿಷಯದಲ್ಲಿ ಇಲ್ಲೊಂದು ಆಕ್ಷೇಪ ಏಳಬಹುದು. ಲತೆಗಳು ಸುತ್ತಿದ ಸ್ಥಿತಿಯು ಕೇವಲಜ್ಞಾನಕ್ಕೆ ಹಿಂದಿನದು. ಆಗ ಈ ಅತಿಶಯಗಳಿಲ್ಲ. ಆದರೆ ವರ್ಷಪರ್ಯಂತ ಪ್ರತಿಮಾಯೋಗದಲ್ಲಿ ನಿಂತವನು ಸಹ ಮುಖ ತಿರುಗಿಸುವವನಲ್ಲ. ಅಲ್ಲಿ ಋಜುತ್ವಕ್ಕೆ ಹೇತು ಅತಿಶಯವಲ್ಲ, ಯೋಗನಿಶ್ಚಲತೆ. ಆಕ್ಷೇಪವು ಮೂಲ ತತ್ತ್ವವನ್ನು ಬಾಧಿಸುವುದಿಲ್ಲ.

ಈ ತತ್ತ್ವವು ಶಿಲೆಯಲ್ಲಿ ಸಾಕಾರಗೊಂಡುದು ಇದೇ ಮಲೆನಾಡಿನೊಡನೆ ಸಂಬಂಧವಿದ್ದ ಅರಸರಿಂದ. ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಆಳಿದ ಭೈರರಸರಲ್ಲಿ ವೀರಪಾಂಡ್ಯನು ಕ್ರಿ.ಶ. 1432ರಲ್ಲಿ ಕಾರ್ಕಳದ ಗೊಮ್ಮಟಬಿಂಬವನ್ನು ಪ್ರತಿಷ್ಠಾಪಿಸಿದನು. ಬಯಲಿನಲ್ಲಿ ನಿಂತ ಈ ಬಿಂಬದ ಶಿರಸ್ಸು ನಾಲ್ಕು ದಿಕ್ಕುಗಳಿಂದಲೂ ಕಾಣುವುದರಿಂದ ಕಿವಿ, ಕತ್ತು, ಹಿಂದಲೆಗಳಲ್ಲಿಯೂ ಶಿಲ್ಪಿಯ ಅಳತೆ ತಪ್ಪುವಂತಿರಲಿಲ್ಲ. ಕ್ರಿ.ಶ. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ನಾಲ್ಕು ದಿಕ್ಕಿಗೂ ದ್ವಾರಗಳಿದ್ದು, ಪ್ರತಿಯೊಂದು ದಿಕ್ಕಿನಲ್ಲಿಯೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳಿವೆ. ಯಾವ ಬಾಗಿಲಿನಿಂದ ಪ್ರವೇಶಿಸಿದರೂ ಋಜುಮುಖದ ದರ್ಶನವೇ. ಅತಿಶಯದಿಂದ ಸಿದ್ಧವಾಗುವುದನ್ನು ಶಿಲ್ಪಿಯು ಬಿಂಬಗಳ ಆವೃತ್ತಿಯಿಂದ ಸಾಧಿಸಿದ್ದಾನೆ.

ಹಸ್ತಪ್ರತಿಶಾಸ್ತ್ರಕ್ಕೆ ಇದರಿಂದ ಒಂದು ಕರ್ತವ್ಯ ಪ್ರಾಪ್ತವಾಗುತ್ತದೆ. ಸೂಚಿಗಳಲ್ಲಿ ಗರಿಗಳ ಸಂಖ್ಯೆ, ಪಂಕ್ತಿ, ಲಿಪಿ, ಪ್ರಶಸ್ತಿಗಳನ್ನು ವಿವರವಾಗಿ ದಾಖಲಿಸುವವರು ಚಿತ್ರದ ವಿಷಯದಲ್ಲಿ ‘ಸಚಿತ್ರ’ವೆಂಬ ಒಂದೇ ಪದದಿಂದ ತೃಪ್ತರಾಗುವುದುಂಟು. ಯಾವ ಮೂರ್ತಿ ಯಾವ ಸ್ಥಾನದಲ್ಲಿದೆ, ಮುಖ ಯಾವ ಕಡೆಗೆ ತಿರುಗಿದೆ, ಮಧ್ಯರೇಖೆಯ ಕುರುಹು ಉಳಿದಿದೆಯೇ ಎಂಬುದನ್ನೂ ನಮೂದಿಸಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವಕ್ಕೆ ವರ್ಣವು ಉದುರುವುದು ಸಹಜ. ಅಂಥ ಚಿತ್ರವನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ತಿದ್ದುವಾಗ ಕಣ್ಣಿನ ಒಂದು ಗೆರೆ ಸರಿದರೆ ಸ್ಥಾನವೇ ಬದಲಾಗುತ್ತದೆ, ಸ್ಥಾನ ಬದಲಾದರೆ ಅರ್ಥವೂ ಬದಲಾಗುತ್ತದೆ. ಅಕ್ಷರವೊಂದು ಲುಪ್ತವಾದಲ್ಲಿ ಊಹಿಸಿ ತುಂಬದೆ ಖಾಲಿ ಬಿಡುವ ಸಂಯಮವನ್ನು ಗ್ರಂಥಸಂಪಾದಕರು ಹೇಗೆ ಪಾಲಿಸುತ್ತಾರೋ ಹಾಗೆಯೇ ರೇಖೆಯ ವಿಷಯದಲ್ಲಿಯೂ ಪಾಲಿಸುವುದು ಯುಕ್ತವಾಗಿದೆ.