ನಲ್ಲಿ ನೀರಿನ ಸುದ್ದಿ ಮತ್ತು ರೇಡಿಯೋದ ಲಕ್ಷ್ಮಣರೇಖೆ

ಇವತ್ತಿನ ಮಾತು ರೇಡಿಯೋ ಬಗ್ಗೆ. ಆದರೆ ಶುರು ಮಾಡೋದು ಕ್ರಿಕೆಟ್‌ನಿಂದ. ಕಾರಣ ಇದೆ, ಸ್ವಲ್ಪ ತಾಳ್ಮೆ ಇರಲಿ.

1993ರ ನವೆಂಬರ್ 27. ಈಡನ್ ಗಾರ್ಡನ್ಸ್‌ನಲ್ಲಿ ಹೀರೋ ಕಪ್ ಫೈನಲ್. ವೆಸ್ಟ್ ಇಂಡೀಸ್ ಎದುರು ನಮ್ಮ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತ ಪಂದ್ಯ. ನಲವತ್ತು ದಾಟಿದ ಯಾವ ಕನ್ನಡಿಗನನ್ನು ಕೇಳಿ, ಅವತ್ತು ಎಲ್ಲಿ ಕೂತು ನೋಡಿದೆ ಅಂತ ಹೇಳ್ತಾನೆ. ಆದರೆ ಆ ಟೂರ್ನಿಯನ್ನು ಟಿವಿಯಲ್ಲಿ ಯಾರು ತೋರಿಸಬೇಕು ಅನ್ನೋ ಜಗಳ ಆಗಲೇ ಕೋರ್ಟು ಹತ್ತಿತ್ತು ಅನ್ನೋದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಒಂದು ವಿದೇಶಿ ಕಂಪನಿಗೆ ಕೊಟ್ಟಿತ್ತು. ದೂರದರ್ಶನ ಅದಕ್ಕೆ ಒಪ್ಪಲಿಲ್ಲ. ಆ ಕಂಪನಿಯ ಕ್ಯಾಮೆರಾ, ಉಪಕರಣ ಎಲ್ಲವನ್ನೂ ಮುಂಬಯಿಯಲ್ಲಿ ಕಸ್ಟಮ್ಸ್‌ನವರು ತಡೆದು ನಿಲ್ಲಿಸಿದರು. ಸರ್ಕಾರದ ವಾದ ಸರಳವಾಗಿತ್ತು: 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ಗಾಳಿಯಲ್ಲಿ ಸಂಕೇತ ಹಾರಿಸೋ ಹಕ್ಕು ಸರ್ಕಾರದ್ದು ಮಾತ್ರ. 1885! ರೇಡಿಯೋ ಅನ್ನೋದು ಇನ್ನೂ ಹುಟ್ಟಿರಲಿಲ್ಲ.

ಕಪ್ಪು ಬಂತು, ಪಟಾಕಿ ಹೊಡೆದಾಯ್ತು, ಕೇಸು ಮಾತ್ರ ನಡೀತಾನೇ ಇತ್ತು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪೀಠದಲ್ಲಿ ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ. ತೀರ್ಪಿನ ಸಾರ ಇಷ್ಟು: ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ. ಅವು ಸರ್ಕಾರದ ಸ್ವಂತದ್ದಲ್ಲ, ದುಡ್ಡಿದ್ದವರ ಸ್ವಂತದ್ದೂ ಅಲ್ಲ. ಅವನ್ನು ನೋಡಿಕೊಳ್ಳೋಕೆ ಒಂದು ಸ್ವತಂತ್ರ ಸಾರ್ವಜನಿಕ ಸಂಸ್ಥೆ ಬೇಕು.

ಈ ಮಾತು ಎಷ್ಟು ದೊಡ್ಡದು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ, ಮೈಸೂರಿಗೆ ಹೋಗಬೇಕು.

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ಹಳೇ ಕಾಲದ ಟ್ಯೂಬ್‌ಲೈಟೂ ಅದಕ್ಕಿಂತ ಜಾಸ್ತಿ ತಿನ್ನುತ್ತಿತ್ತು. ‘ಆಕಾಶವಾಣಿ’ ಅನ್ನೋ ಹೆಸರು ಬಂದದ್ದು ಅಲ್ಲಿಂದ; ನಾ. ಕಸ್ತೂರಿ ಸೂಚಿಸಿದ್ದು ಅಂತ ಹೇಳ್ತಾರೆ. ದೆಹಲಿಯಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಅನ್ನೋ ಹೆಸರು ಬಂದದ್ದೇ ಮರುವರ್ಷ, 1936ರಲ್ಲಿ. ಅಂದರೆ ಒಬ್ಬ ಮೇಷ್ಟ್ರು ತನ್ನ ಊರಿಗೆ ತನ್ನ ಮನೆಯಿಂದ ಮಾತಾಡಬಹುದಿತ್ತು. ಖರ್ಚು ಏರಿತು, 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋ ಒಳಗೆ ಸೇರಿತು. ಮುಂದೆ ಮೈಸೂರಿನ ಆ ಹೆಸರೇ ಇಡೀ ದೇಶದ ರೇಡಿಯೋಗೆ ಬಂತು. ಮನೆಯಿಂದ ಮಾತಾಡೋ ಅವಕಾಶ ಮಾತ್ರ ಬರಲಿಲ್ಲ.

ಆಕಾಶವಾಣಿಯನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಧಾರವಾಡ, ಬೆಂಗಳೂರು, ಕಲಬುರಗಿ, ಭದ್ರಾವತಿ, ಮಂಗಳೂರು ಕೇಂದ್ರಗಳು ಇಲ್ಲದಿದ್ದರೆ ನಮ್ಮ ಎಷ್ಟೋ ಜನ ಹಾಡುಗಾರರ, ನಾಟಕಕಾರರ, ಜಾನಪದ ಕಲಾವಿದರ ದನಿ ಉಳೀತಾನೇ ಇರಲಿಲ್ಲ. ಬೆಳಿಗ್ಗೆ ಚಿಂತನ, ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ, ಸಂಜೆ ರೈತರಿಗೆ ಸಲಹೆ, ರಾತ್ರಿ ನಾಟಕ. ಸಂಸ್ಕೃತಿಗೆ ಜಾಗ ಧಾರಾಳವಾಗಿತ್ತು. ಸಮಾಜದ ಸಮಸ್ಯೆಗಳಿಗೂ ಇತ್ತು: ವರದಕ್ಷಿಣೆ, ಕುಡಿತ, ಸಾಕ್ಷರತೆ, ಕುಟುಂಬ ಯೋಜನೆ. ರಾಜಕೀಯ ಅಂದ ತಕ್ಷಣ ಬಾಗಿಲು ಹಾಕ್ತಿದ್ದರು. 1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸೇತರ ಸರ್ಕಾರಗಳು ಬಂದ ಕಾಲಕ್ಕೆ ಆಕಾಶವಾಣಿಗೆ ಒಂದು ಸಂಹಿತೆಯೂ ಬಂತು. ಪಕ್ಷಗಳನ್ನು ಹೆಸರು ಹಿಡಿದು ಟೀಕಿಸೋ ಹಾಗಿಲ್ಲ, ಕೇಂದ್ರದ ಮೇಲಾಗಲಿ ರಾಜ್ಯದ ಮೇಲಾಗಲಿ ಕಟುವಾಗಿ ಮಾತಾಡೋ ಹಾಗಿಲ್ಲ. ತುರ್ತುಪರಿಸ್ಥಿತಿ ಬಂದಾಗ ಜನ ಅದನ್ನು ‘ಆಲ್ ಇಂದಿರಾ ರೇಡಿಯೋ’ ಅಂತ ಕರೆದು, ಸುದ್ದಿಗೆ ಬಿಬಿಸಿ ಹಾಕಿಕೊಂಡರು. ಸ್ವಾಯತ್ತತೆ ಕೊಡ್ತೀವಿ ಅಂತ ಪ್ರಸಾರ ಭಾರತಿ ಕಾಯ್ದೆ ಮಾಡಿದ್ದು 1990ರಲ್ಲಿ. ಅದು ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಕಡತದಲ್ಲೇ ಮಲಗಿತ್ತು.

ಹೀಗಾಗಿ 1995ರ ತೀರ್ಪು ಬಂದಾಗ ಕೆಲವರಿಗೆ ರೋಮಾಂಚನ ಆಯ್ತು. ತರಂಗ ಸಾರ್ವಜನಿಕರದ್ದು ಅಂದಮೇಲೆ ನಮ್ಮೂರಿಗೂ ಒಂದು ಪಾಲು ಕೊಡಿ ಅಂತ ಕೇಳಬಹುದಲ್ಲ? ಹಾಗೆ ಕೇಳಿದ ಮೊದಲ ಮುಖ್ಯ ಸಭೆ ನಡೆದದ್ದು 1996ರಲ್ಲಿ ನಮ್ಮ ಬೆಂಗಳೂರಿನಲ್ಲೇ. ಸಮುದಾಯ ರೇಡಿಯೋ ಬೇಕು ಅಂತ ಒತ್ತಾಯಿಸಿದ ಆ ನಿರ್ಣಯಕ್ಕೆ ಇವತ್ತಿಗೂ ‘ಬೆಂಗಳೂರು ಘೋಷಣೆ’ ಅಂತಲೇ ಹೆಸರು.

ಸರ್ಕಾರ ಮೊದಲು ಮಾಡಿದ್ದು ಬೇರೆ. ತರಂಗಗಳನ್ನು ಹರಾಜಿಗಿಟ್ಟಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾಯ್ತು. ಮುಂದಿನ ಕಥೆ ನಿಮಗೇ ಗೊತ್ತು: ಆಫೀಸ್ ಕ್ಯಾಬ್, ಸಿಲ್ಕ್ ಬೋರ್ಡ್ ಜಾಮ್, ಹಾಡು, ಜೋಕು, ಜಾಹೀರಾತು. ಸುದ್ದಿ ಮಾತ್ರ ನಿಷಿದ್ಧ.

ಅದೇ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರು ಅಂತ ಹೇಳ್ತಾರಲ್ಲ, ಅಲ್ಲಿ ಬೇರೆ ಥರದ ಪ್ರಯತ್ನ ನಡೀತಿತ್ತು. ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೋ ಬೆಂಬಲದಿಂದ ಅಲ್ಲಿ ‘ನಮ್ಮ ಧ್ವನಿ’ ಶುರು ಮಾಡಿದ್ದವು. ಗಾಳಿಯಲ್ಲಿ ಪ್ರಸಾರ ಮಾಡೋಕೆ ಲೈಸೆನ್ಸ್ ಸಿಗಲ್ಲ. ಸರಿ, ಗಾಳಿ ಬೇಡ ಅಂತ ಅವರು ಊರಿನ ಕೇಬಲ್ ಟಿವಿ ತಂತಿಯಲ್ಲೇ ಧ್ವನಿ ಹರಿಸಿದರು. ನಿಯಮದಲ್ಲಿ ತರಂಗದ ಮಾತಿದೆ, ತಂತಿಯ ಮಾತಿಲ್ಲ ಅನ್ನೋ ಲೆಕ್ಕ. ಇದನ್ನು ನಮ್ಮ ಭಾಷೆಯಲ್ಲಿ ವರ್ಕ್‌ಅರೌಂಡ್ ಅಂತೀವಿ. ನಾನು ಕೇಳಿರೋ ವರ್ಕ್‌ಅರೌಂಡ್‌ಗಳಲ್ಲಿ ಅತ್ಯಂತ ಸೊಗಸಾದದ್ದು ಇದು.

ಇನ್ನು ಹೈದರಾಬಾದಿನಲ್ಲಿರೋ ನಮ್ಮವರಿಗೆ ಬಹಳ ಹತ್ತಿರದ ಜಾಗ. ಬೀದರ್, ಕಲಬುರಗಿ, ಸೊಲ್ಲಾಪುರ, ಪುಣೆ ಕಡೆ ಬಸ್ಸಿನಲ್ಲಿ ಹೋಗುವಾಗ ಜಹೀರಾಬಾದ್ ದಾಟ್ತೀರಲ್ಲ? ಆ ಭಾಗದಲ್ಲಿ ಮಾಚನೂರು ಅಂತ ಹಳ್ಳಿ ಇದೆ. ಸುತ್ತಲಿನ ಊರುಗಳ ದಲಿತ ಹೆಂಗಸರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಜೊತೆ ಸೇರಿ ಸಂಘ ಕಟ್ಟಿಕೊಂಡು ಜೋಳ, ಸಜ್ಜೆ, ನವಣೆಯಂಥ ಬೆಳೆಗಳ ಬೀಜ ಉಳಿಸೋ ಕೆಲಸ ಮಾಡ್ತಾ ಬಂದಿದ್ದರು. 1998ರಲ್ಲಿ ಯುನೆಸ್ಕೋ ನೆರವಿನಿಂದ ಅಲ್ಲಿ ರೇಡಿಯೋ ಕೇಂದ್ರಕ್ಕೆ ಕಟ್ಟಡ, ಉಪಕರಣ ಎಲ್ಲ ತಯಾರಾಯ್ತು. ಲೈಸೆನ್ಸ್ ಇಲ್ಲ. ಏನು ಮಾಡೋದು? ಕ್ಯಾಸೆಟ್ಟಿನಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಿ, ಸಂಘದ ಸಭೆಗಳಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೇಳಿಸಿದರು. ಒಂದು ವಾರ, ಎರಡು ವಾರ ಅಲ್ಲ. ಹತ್ತು ವರ್ಷ.

ಆಕಾಶವಾಣಿ ಇರುವಾಗ ನಿಮಗ್ಯಾಕೆ ಬೇರೆ ರೇಡಿಯೋ ಅಂತ ಕೇಳಿದವರಿಗೆ ಆ ಹೆಂಗಸರ ಉತ್ತರ ಸ್ಪಷ್ಟವಾಗಿತ್ತು. ರೇಡಿಯೋದ ತೆಲುಗು ಅವರ ತೆಲುಗಲ್ಲ. ಅವರದ್ದು ಉರ್ದು, ಕನ್ನಡ ಎಲ್ಲ ಬೆರೆತ ಗಡಿಯ ಮಾತು. ಅಲ್ಲಿ ಹೇಳೋ ಬೆಳೆ ಅವರ ಬೆಳೆಯಲ್ಲ, ಅಲ್ಲಿನ ಹಬ್ಬ ಅವರ ಹಬ್ಬವಲ್ಲ. ಬೆಂಗಳೂರು ಕನ್ನಡ ಕೇಳ್ತಾ ಬೆಳೆದ ಬೀದರ್, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ದೆಹಲಿಯಲ್ಲಿ ಬಾಗಿಲು ನಿಧಾನಕ್ಕೆ ತೆರೀತಿತ್ತು. 2002ರ ನೀತಿಯಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಮೊದಲ ಕ್ಯಾಂಪಸ್ ರೇಡಿಯೋ ಬಂತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಒಪ್ಪಿಗೆ ಸಿಕ್ಕಿತು. 100 ವಾಟ್ ಶಕ್ತಿ, 30 ಮೀಟರ್ ಎತ್ತರದ ಆಂಟೆನಾ, ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ನಮ್ಮಲ್ಲೂ 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರೇಡಿಯೋ, ಬೆಂಗಳೂರಿನಲ್ಲಿ ರೇಡಿಯೋ ಆ್ಯಕ್ಟಿವ್ ಬಂದವು.

ಮಾಚನೂರಿನ ‘ಸಂಘಂ ರೇಡಿಯೋ’ ಗಾಳಿಗೇರಿದ್ದು 2008ರ ಅಕ್ಟೋಬರ್ 15ರಂದು. ಶಿಕ್ಷಣ ಸಂಸ್ಥೆಗಳನ್ನು ಬಿಟ್ಟರೆ ದೇಶದ ಮೊದಲ ಸಮುದಾಯ ರೇಡಿಯೋ ಅದು. ರಾತ್ರಿ ಏಳರಿಂದ ಒಂಬತ್ತು, ಹೊಲದ ಕೆಲಸ ಮುಗಿಸಿ ಬಂದ ಮೇಲಿನ ಹೊತ್ತು. ಮೈಕಿನ ಮುಂದೆ ಇದ್ದವರು ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ, ಇಬ್ಬರೂ ಅಲ್ಲಿಯವರೇ. ಉದ್ಘಾಟನೆಗೆ ಬಂದಿದ್ದು ಯಾರು ಗೊತ್ತೇ? ನ್ಯಾಯಮೂರ್ತಿ ಪಿ.ಬಿ. ಸಾವಂತ್. ಹೀರೋ ಕಪ್ ಕೇಸಿನ ಅದೇ ಸಾವಂತ್. ಕುಂಬ್ಳೆ ಬೌಲಿಂಗ್‌ಗೂ ಮಾಚನೂರಿಗೂ ಇರೋ ಸಂಬಂಧ ಇದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಆದರೆ 2006ರ ನಿಯಮದಲ್ಲೇ ಇನ್ನೊಂದು ಸಾಲು ಕೂತಿದೆ: ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಯಾವ ಕಾರ್ಯಕ್ರಮವನ್ನೂ ಸಮುದಾಯ ರೇಡಿಯೋ ಪ್ರಸಾರ ಮಾಡೋ ಹಾಗಿಲ್ಲ. ಖಾಸಗಿ ಎಫ್‌ಎಂಗಳಿಗೆ 2011ರಲ್ಲಿ ಸ್ವಲ್ಪ ಸಡಿಲ ಬಿಟ್ಟರು. ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ಕರೆಂಟು ಮತ್ತು ನೀರಿನ ಪ್ರಕಟಣೆಗಳನ್ನು ‘ಸುದ್ದಿ ಅಲ್ಲ’ ಅಂತ ಲೆಕ್ಕ ಹಿಡಿದರು.

ಇದನ್ನು ನಮ್ಮೂರಿನ ಬೀದಿಗೆ ಇಳಿಸಿ ನೋಡಿ. “ನಾಳೆ ಮೂರನೇ ವಾರ್ಡಿಗೆ ನೀರು ಬರಲ್ಲ” ಅಂತ ಹೇಳಬಹುದು. “ಮೂರು ವಾರದಿಂದ ಯಾಕೆ ಬಂದಿಲ್ಲ, ಪೈಪಿಗೆ ಬಂದ ದುಡ್ಡು ಎಲ್ಲಿಗೆ ಹೋಯ್ತು, ಬನ್ನಿ ಅಧ್ಯಕ್ಷರೇ, ಮೈಕಿನ ಮುಂದೆ ಹೇಳಿ” ಅಂದರೆ ಅದು ಪ್ರಚಲಿತ ವಿದ್ಯಮಾನ. ಬಾವಿಯ ಹತ್ತಿರ ಬಿಡೋದಿಲ್ಲ ಅನ್ನೋ ದಲಿತ ಹೆಂಗಸಿನ ಮಾತು ‘ಸಾಮಾಜಿಕ ಸಮಸ್ಯೆ’ಯೋ ‘ರಾಜಕೀಯ’ವೋ? ಯಾವ ಅಧಿಕಾರಿ ಓದ್ತಾನೆ ಅನ್ನೋದರ ಮೇಲೆ ಹೋಗುತ್ತೆ. ಲೈಸೆನ್ಸ್ ಹೋಗೋ ಭಯ ಇರೋ ಪುಟ್ಟ ಕೇಂದ್ರ ಏನು ಮಾಡುತ್ತೆ? ಕೀಟನಾಶಕದ ಬಗ್ಗೆ ಮಾತಾಡುತ್ತೆ, ಪೌಷ್ಟಿಕ ಆಹಾರದ ಬಗ್ಗೆ ಮಾತಾಡುತ್ತೆ. ಗ್ರಾಮಸಭೆ ಇದೆ ಅಂತ ಹೇಳುತ್ತೆ, ಅಲ್ಲಿ ಏನಾಯ್ತು ಅಂತ ಹೇಳಲ್ಲ. ಜಾಣರು ಹಾಡಿನಲ್ಲಿ, ನಾಟಕದಲ್ಲಿ ಅಡಗಿಸಿ ಹೇಳ್ತಾರೆ. ಆದರೆ ಎಲ್ಲವನ್ನೂ ಹಾಡಿನಲ್ಲಿ ಹೇಳೋಕಾಗಲ್ಲವಲ್ಲ.

ನನಗೆ ಇದರಲ್ಲಿ ತರ್ಕವೇ ಕಾಣಲ್ಲ. ಅದೇ ಹಳ್ಳಿಯ ಟಿವಿಯಲ್ಲಿ ನೂರಾರು ಸುದ್ದಿ ಚಾನೆಲ್‌ಗಳು ದಿನವಿಡೀ ಕಿರುಚಬಹುದು. ಪತ್ರಿಕೆ ಬರೆಯಬಹುದು. ನಾನು ಈ ವಿಡಿಯೋದಲ್ಲಿ ಯಾರ ಪರ್ಮಿಷನ್ನೂ ಇಲ್ಲದೆ ರಾಜಕೀಯ ಮಾತಾಡಬಹುದು. ಹೆಚ್ಚೆಂದರೆ ಹತ್ತಾರು ಕಿಲೋಮೀಟರ್ ಕೇಳೋ, ಊರಿನವರೇ ನಡೆಸೋ 100 ವಾಟ್ ರೇಡಿಯೋಗೆ ಮಾತ್ರ ಬಾಯಿಗೆ ಬೀಗ. ತರಂಗ ಸಾರ್ವಜನಿಕರ ಆಸ್ತಿ ಅಂದಿತ್ತು ಕೋರ್ಟು. ಆಸ್ತಿ ಬರೆದುಕೊಟ್ಟು, ಮುಂಬಾಗಿಲ ಕೀಲಿ ಮಾತ್ರ ಸರ್ಕಾರ ತನ್ನ ಜೇಬಲ್ಲೇ ಇಟ್ಟುಕೊಂಡಂಗಾಯ್ತು.

ಸರ್ಕಾರದ ಸಮರ್ಥನೆಯನ್ನೂ ಹೇಳಬೇಕು. ಸುದ್ದಿಗೆ ಅವಕಾಶ ಕೊಡಬೇಕು ಅಂತ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಇಷ್ಟೊಂದು ಕೇಂದ್ರಗಳಲ್ಲಿ ಏನು ಪ್ರಸಾರ ಆಗುತ್ತೆ ಅಂತ ನೋಡಿಕೊಳ್ಳೋ ವ್ಯವಸ್ಥೆ ಇಲ್ಲ, ಭದ್ರತೆಗೆ ಅಪಾಯ ಆಗಬಹುದು ಅಂತ ಸರ್ಕಾರ ಉತ್ತರಿಸಿತು. ಗಲಭೆಯ ಹೊತ್ತಲ್ಲಿ ಒಂದು ಸುಳ್ಳು ಏನು ಮಾಡುತ್ತೆ ಅಂತ ನಮಗೂ ಗೊತ್ತಿದೆ. ಆ ಆತಂಕವನ್ನು ನಾನು ತಳ್ಳಿಹಾಕಲ್ಲ. ಆದರೆ ಸುಳ್ಳು ಈಗ ವಾಟ್ಸಾಪಿನಲ್ಲಿ ಬರುತ್ತೆ, ಕಳಿಸಿದವನ ಮುಖ ಕಾಣಲ್ಲ. ರೇಡಿಯೋದಲ್ಲಿ ಮಾತಾಡಿದ ನರಸಮ್ಮ ಮರುದಿನ ಅದೇ ಸಂತೆಗೆ ಬರಬೇಕು, ಕೇಳಿದವರಿಗೆ ಉತ್ತರ ಕೊಡಬೇಕು. 2017ರಲ್ಲಿ ಕೋರ್ಟು ಕೂಡ ಸರ್ಕಾರವನ್ನು ಕೇಳಿತು: ಟಿವಿಗೆ ಇಲ್ಲದ ನಿರ್ಬಂಧ ರೇಡಿಯೋಗೆ ಯಾಕೆ?

2024ರಲ್ಲಿ ಸಮುದಾಯ ರೇಡಿಯೋ ನಿಯಮಗಳನ್ನು ಮತ್ತೆ ಪರಿಷ್ಕರಿಸಿದರು. ಮೊದಲು ಗಂಟೆಗೆ 5 ನಿಮಿಷ ಇದ್ದ ಜಾಹೀರಾತನ್ನು ಹಂತಹಂತವಾಗಿ ಏರಿಸುತ್ತಾ ಬಂದಿದ್ದರು, ಈಗ 12 ನಿಮಿಷ ಮಾಡಿದರು. ಪುಟ್ಟ ಕೇಂದ್ರಗಳಿಗೆ ಕರೆಂಟ್ ಬಿಲ್ ಕಟ್ಟೋಕೆ ಅದು ಬೇಕಿತ್ತು, ಒಳ್ಳೇದೇ. ಸುದ್ದಿಯ ಸಾಲನ್ನು ಮಾತ್ರ ಅಲ್ಲೇ ಬಿಟ್ಟರು.