ಪ್ರೌಢಶಾಲೆಯ ಲೆಕ್ಕಪತ್ರ: ಯಾರ ಹಣ, ಯಾರಿಗೆ ಲೆಕ್ಕ?

ನಮ್ಮ ಧರ್ಮಕೇಂದ್ರಗಳು ನಡೆಸುವ ಅನುದಾನಿತ ಪ್ರೌಢಶಾಲೆಗಳಿಗೆ ಹಣ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಅನುದಾನಕ್ಕೊಳಪಟ್ಟ ಹುದ್ದೆಗಳ ಶಿಕ್ಷಕರಿಗೆ ಸರಕಾರ ಸಂಬಳ ಕೊಡುತ್ತದೆ. ಹೆತ್ತವರು ಶುಲ್ಕ ಕಟ್ಟುತ್ತಾರೆ. ಹಳೆ ವಿದ್ಯಾರ್ಥಿಗಳು ಮತ್ತು ಊರ ದಾನಿಗಳು ಕಟ್ಟಡಕ್ಕೆ, ಪ್ರಯೋಗಾಲಯಕ್ಕೆ ನೆರವಾಗುತ್ತಾರೆ. ನಿವೃತ್ತರಾದ ಶಿಕ್ಷಕರ ಸ್ಥಾನ ಭರ್ತಿಯಾಗದಿದ್ದರೆ ಆಡಳಿತ ಮಂಡಳಿಯೇ ಬೇರೆಯವರನ್ನು ನೇಮಿಸಿ ಅವರ ಸಂಬಳ ಹೊಂದಿಸಬೇಕು. ಗೊಂದಲ ಹುಟ್ಟುವುದು ಇಲ್ಲಿಯೇ. ಕಟ್ಟಡಕ್ಕೆಂದು ಬಂದ ಹಣ ಸಂಬಳಕ್ಕೆ ಹೋಗುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಕೊಟ್ಟವರಿಗೆ ಅದು ತಿಳಿದಿರುವುದಿಲ್ಲ. ಯಾರದೋ ಬಾಯಿಂದ ತಿಳಿದಾಗ ಪ್ರಾಮಾಣಿಕ ಸಂಚಾಲಕರ ಮೇಲೂ ಸಂಶಯ ಬೀಳುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಇದನ್ನು ಲೆಕ್ಕ ಕೊಡುವುದರಿಂದಲೇ ಸಿಕ್ಕ ವಿನಾಯಿತಿ ಎಂದು ತಿಳಿದವರಿದ್ದಾರೆ. ಹಾಗಲ್ಲ. ಸರಕಾರದ ಹಣದಿಂದ ಗಣನೀಯ ನೆರವು ಪಡೆಯುವ ಸಂಸ್ಥೆಗಳು 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಅದೇ ನ್ಯಾಯಾಲಯ 2019ರಲ್ಲಿ ಡಿ.ಎ.ವಿ. ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿತು. ಅಂಥ ಶಾಲೆಗೆ ಅರ್ಜಿ ಬಂದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು. ಅನುದಾನರಹಿತ ಶಾಲೆಗಳ ಮಾತು ಬೇರೆ. ನಮ್ಮ ಕರಾವಳಿಯ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಾಧೀಶರ ಪೀಠ ಅವುಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ನೀಡಿತು. ಸಂಸ್ಥೆಯ ಬೆಳವಣಿಗೆಗೆ ಸ್ವಲ್ಪ ಉಳಿಕೆಯನ್ನೂ ಒಪ್ಪಿತು, ಲಾಭಕೋರತನವನ್ನು ಒಪ್ಪಲಿಲ್ಲ.

ಧರ್ಮಸಭೆಯ ಕಾನೂನು ಇನ್ನೂ ನೇರವಾಗಿದೆ. 1983ರ ಸಂಹಿತೆಯ 1267ನೇ ವಿಧಿಯಂತೆ ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು. ಜಮಾ-ಖರ್ಚಿನ ಪುಸ್ತಕವನ್ನು ಕ್ರಮವಾಗಿ ಇಡಬೇಕು, ವರ್ಷಾಂತ್ಯಕ್ಕೆ ವರದಿ ಸಿದ್ಧಪಡಿಸಬೇಕು ಎನ್ನುತ್ತದೆ 1284ನೇ ವಿಧಿ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆನ್ನುವುದು 1287ನೇ ವಿಧಿ.

ಆದ್ದರಿಂದ ಮೂರು ಮೂಲಗಳಿಗೆ ಮೂರು ಪ್ರತ್ಯೇಕ ಲೆಕ್ಕ ಇರಲಿ ಎನ್ನುವುದು ನಮ್ಮ ಅಭಿಪ್ರಾಯ. ರಶೀದಿಯಲ್ಲಿ ಮೊತ್ತದ ಜೊತೆ ಯಾವ ಬಾಬ್ತು ಎಂಬುದೂ ಬರೆದಿರಲಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ. ಲೆಕ್ಕ ಪರಿಶೋಧಕರ ವರದಿಯನ್ನು ಶಿಕ್ಷಕ-ರಕ್ಷಕ ಸಂಘದ ಮಹಾಸಭೆಯಲ್ಲಿ ಓದಿ, ಪ್ರಶ್ನೆಗೆ ಸಮಯ ಕೊಡಬೇಕು. (ಊಟದ ಹೊತ್ತಿಗೆ ಗಡಿಬಿಡಿಯಲ್ಲಿ ಓದಿದರೆ ಓದಿದಂತಾಗದು.) ಕಟ್ಟಡ ನಿಧಿಯಿಂದ ಸಂಬಳಕ್ಕೆ ಹಣ ತೆಗೆಯಲೇಬೇಕಾದರೆ ಮೊದಲು ದಾನಿಗಳ ಒಪ್ಪಿಗೆ ಪಡೆದು, ಅದನ್ನು ನಿರ್ಣಯ ಪುಸ್ತಕದಲ್ಲಿ ದಾಖಲಿಸಬೇಕು.

ಸಂಚಾಲಕ ಗುರುಗಳ ವರ್ಗಾವಣೆಯ ಸಮಯವನ್ನು ವಿಶೇಷವಾಗಿ ಗಮನಿಸಬೇಕು. ಬ್ಯಾಂಕ್ ಖಾತೆಯ ಉಳಿಕೆ, ಕೊಡಬೇಕಾದ ಬಾಕಿ, ಖಾಲಿ ರಶೀದಿ ಪುಸ್ತಕಗಳ ಸಂಖ್ಯೆ ಇವುಗಳನ್ನು ಬರೆದು, ಹಣಕಾಸು ಸಮಿತಿಯ ಇಬ್ಬರು ಸದಸ್ಯರ ಎದುರಿನಲ್ಲಿ ಹೊಸಬರಿಗೆ ಒಪ್ಪಿಸಿ ಸಹಿ ಪಡೆಯಬೇಕು.